ಸಲಿಗೆ ಕೊಟ್ಟರೆ ಓದೋದಿಲ್ಲ, ಗದರಿದರೆ ಶಾಲೆಗೇ ಬರೋದಿಲ್ಲ: ಏನು ಮಾಡಬೇಕು?

ಪ್ರಶ್ನೆ: ಶಹಾಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಎಂಟನೇ ತರಗತಿಗೆ ಗಣಿತ ಕಲಿಸುತ್ತೇನೆ. 48 ಮಕ್ಕಳಿದ್ದಾರೆ. ಪ್ರೀತಿಯಿಂದ ಮಾತಾಡಿಸಿದರೆ ನೋಟ್‌ಬುಕ್ ಸಹ ತರುವುದಿಲ್ಲ, ಸ್ವಲ್ಪ ಗದರಿದರೆ ಮರುದಿನ ಐದಾರು ಮಂದಿ ಗೈರು. ಹತ್ತಿ ಬಿಡಿಸುವ ಕಾಲಕ್ಕೆ ಅರ್ಧ ತರಗತಿ ಖಾಲಿಯಾಗುತ್ತದೆ. ಹದಿನೈದು ಮಕ್ಕಳಿಗೆ ಕನ್ನಡವನ್ನೇ ಸರಾಗವಾಗಿ ಓದಲು ಬರುವುದಿಲ್ಲ. ‘ಪಾಸಾಗುವಷ್ಟು ಹೇಳಿಕೊಡಿ, ಸಾಕು’ ಅನ್ನುತ್ತಾರೆ ಸಹೋದ್ಯೋಗಿಗಳು. ತರಗತಿ ನಗುನಗುತ್ತ ಇರಬೇಕು, ಮಟ್ಟವೂ ಇಳಿಯಬಾರದು. ಇದು ಆಗುವ ಮಾತೇ?

ಉತ್ತರ: ಆಗುವ ಮಾತು. ಆದರೆ ಪ್ರೀತಿ ಮತ್ತು ಬಿಗಿ ತಕ್ಕಡಿಯ ಎರಡು ತಟ್ಟೆಗಳಿದ್ದಂತೆ, ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು ಎಂಬ ಲೆಕ್ಕವನ್ನು ಮೊದಲು ಬಿಡಬೇಕು. ನಿಮ್ಮ ಪ್ರಶ್ನೆಯ ಒಳಗೂ ಆ ಲೆಕ್ಕ ಕೂತಿದೆ. ಜುಡಿತ್ ಕ್ಲೈನ್‌ಫೆಲ್ಡ್ ಎಂಬ ಸಂಶೋಧಕಿ ಅಲಾಸ್ಕಾದಲ್ಲಿ ಹಳ್ಳಿಗಳಿಂದ ಪಟ್ಟಣದ ಪ್ರೌಢಶಾಲೆಗೆ ಬಂದ ಮೂಲನಿವಾಸಿ ಮಕ್ಕಳ ತರಗತಿಗಳನ್ನು ಗಮನಿಸಿ 1975ರಲ್ಲಿ ಬರೆದದ್ದು ಇದನ್ನೇ. ಆ ಮಕ್ಕಳು ಚೆನ್ನಾಗಿ ಕಲಿತದ್ದು ಆತ್ಮೀಯತೆಯೂ ಇದ್ದು, ಕೆಲಸವನ್ನೂ ಬಿಡದೆ ಕೇಳುವ ಶಿಕ್ಷಕರಲ್ಲಿ. ಬರೀ ಬಿಗಿ ಇದ್ದಲ್ಲಿ ಮಕ್ಕಳು ಬಾಯಿ ಬಿಡಲಿಲ್ಲ. ಅಯ್ಯೋ ಪಾಪ ಎಂದು ಸುಲಭದ ಕೆಲಸ ಕೊಟ್ಟ ಮೃದು ಶಿಕ್ಷಕರ ಬಳಿ ಹೆಚ್ಚೇನೂ ಕಲಿಯಲಿಲ್ಲ. ಯಶಸ್ವಿಯಾದ ಶಿಕ್ಷಕರು ವರ್ಷದ ಆರಂಭದಲ್ಲಿ ಪರಿಚಯ ಬೆಳೆಸಲು ಸಾಕಷ್ಟು ಸಮಯ ಕೊಟ್ಟು, ಆಮೇಲೆ ಕೆಲಸ ಕೇಳಲು ಶುರು ಮಾಡಿದ್ದರು. ತಾಂಡಾದಿಂದಲೋ ದೊಡ್ಡಿಯಿಂದಲೋ ಎಂಟನೇ ತರಗತಿಗೆ ಹೊಸದಾಗಿ ಬಂದ ನಿಮ್ಮ ಮಕ್ಕಳಿಗೆ ಈ ಕ್ರಮ ಚೆನ್ನಾಗಿ ಹೊಂದುತ್ತದೆ.

‘ಪಾಸಾಗುವಷ್ಟು ಸಾಕು’ ಎಂಬ ಮಾತನ್ನು ಮೊದಲು ನೋಡೋಣ, ಯಾಕೆಂದರೆ ಬೇರು ಅಲ್ಲಿದೆ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ನಿಮ್ಮ ಯಾದಗಿರಿ ಜಿಲ್ಲೆ ಶೇ 50.59ರೊಂದಿಗೆ ಕೊನೆಯ ಸ್ಥಾನದಲ್ಲಿತ್ತು, 2025ರಲ್ಲಿ ಕಲಬುರಗಿ ಶೇ 42.43ರೊಂದಿಗೆ ಆ ಜಾಗಕ್ಕೆ ಬಂತು. ಇಂಥ ಫಲಿತಾಂಶ ಬಂದಾಗಲೆಲ್ಲ ‘ಪಾಸಿಂಗ್ ಪ್ಯಾಕೇಜ್’, ಅಂದರೆ ಪಾಸಾಗಲು ಸಾಕಾಗುವಷ್ಟು ಆಯ್ದ ಪ್ರಶ್ನೆಗಳ ಕಟ್ಟು, ಕೆಳಗಿನ ತರಗತಿಗಳಿಗೆ ಇಳಿಯುತ್ತ ಹೋಗುತ್ತದೆ. ಹತ್ತನೇ ತರಗತಿಯ ಜನವರಿಯಲ್ಲಿ ಆಯ್ದ ಪ್ರಶ್ನೆಗಳ ಅಭ್ಯಾಸ ಮಾಡಿಸುವುದು ಅರ್ಥವಾಗುವ ಕೆಲಸ. ಎಂಟನೇ ತರಗತಿಯ ಜೂನ್‌ನಲ್ಲೇ ಆಯ್ದ ಪಾಠ, ಆಯ್ದ ಲೆಕ್ಕ ಎಂದು ಹೊರಟರೆ, ಸಮೀಕರಣವನ್ನು ಕಾಣದ ಮಗು ಹತ್ತಕ್ಕೆ ಹೋಗಿ ವರ್ಗ ಸಮೀಕರಣದ ಮುಂದೆ ಕುಳಿತುಕೊಳ್ಳುತ್ತದೆ. ಆಗ ಯಾವ ಪ್ಯಾಕೇಜೂ ಕೆಲಸಕ್ಕೆ ಬರುವುದಿಲ್ಲ. ಕಡಿಮೆ ಫಲಿತಾಂಶಕ್ಕೆ ಕಡಿಮೆ ನಿರೀಕ್ಷೆಯೇ ಮದ್ದು ಎನ್ನುವುದು ನಮ್ಮ ಭಾಗದ ಮಕ್ಕಳಿಗೆ ಮಾಡುವ ಅನ್ಯಾಯ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಹಾಗಾದರೆ ಏನನ್ನು ಸಡಿಲಿಸಬಹುದು? ಗುರಿಯನ್ನು ಬಿಟ್ಟು ಬೇರೆ ಎಲ್ಲವನ್ನೂ. ಸಮಯ, ಮೆಟ್ಟಿಲುಗಳ ಸಂಖ್ಯೆ, ಭಾಷೆ, ಜೊತೆಗಾರ, ಇವೆಲ್ಲ ಮಗುವಿನಿಂದ ಮಗುವಿಗೆ ಬೇರೆ ಇರಲಿ. ‘ಒಂದು ಚರಾಕ್ಷರವಿರುವ ಸರಳ ಸಮೀಕರಣವನ್ನು ಬಿಡಿಸಿ, ಉತ್ತರವನ್ನು ತಾಳೆ ನೋಡುವುದು’ ಎಂಬ ಗುರಿ ಮಾತ್ರ 48 ಮಕ್ಕಳಿಗೂ ಒಂದೇ.

ನಿರೀಕ್ಷೆ ಎಂಬುದು ಶಿಕ್ಷಕರ ಮನಸ್ಸಿನಲ್ಲಿದ್ದರೆ ಮಗುವಿಗೆ ತಲುಪುವುದಿಲ್ಲ. 1968ರಲ್ಲಿ ರಾಬರ್ಟ್ ರೋಸೆಂಥಾಲ್ ಮತ್ತು ಲೆನೋರ್ ಜೇಕಬ್‌ಸನ್ ಪ್ರಕಟಿಸಿದ ಪ್ರಯೋಗದಲ್ಲಿ, ಲಾಟರಿಯಂತೆ ಆಯ್ದ ಕೆಲವು ಮಕ್ಕಳ ಬಗ್ಗೆ ‘ಇವರು ಈ ವರ್ಷ ಬಹಳ ಮುಂದೆ ಬರುತ್ತಾರೆ’ ಎಂದು ಶಿಕ್ಷಕರಿಗೆ ಹೇಳಲಾಗಿತ್ತು. ಕೆಳಗಿನ ಒಂದೆರಡು ತರಗತಿಗಳಲ್ಲಿ ಆ ಮಕ್ಕಳು ನಿಜಕ್ಕೂ ಮುಂದೆ ಬಂದರು. ಪರಿಣಾಮ ಎಷ್ಟು ದೊಡ್ಡದು ಎಂಬ ಬಗ್ಗೆ ಆಮೇಲೆ ದೊಡ್ಡ ವಾದವೇ ನಡೆಯಿತು. ಆದರೆ ನಿರೀಕ್ಷೆ ಹರಿಯುವ ದಾರಿಗಳ ಬಗ್ಗೆ ರೋಸೆಂಥಾಲ್ ಹೇಳಿದ್ದು ಯಾವ ತರಗತಿಯಲ್ಲೂ ಕಣ್ಣಿಗೆ ಕಾಣುತ್ತದೆ: ಮುಖಭಾವ ಮತ್ತು ದನಿ, ಕೊಡುವ ಪಾಠದ ಪ್ರಮಾಣ, ಉತ್ತರಿಸಲು ಕೊಡುವ ಅವಕಾಶ, ಉತ್ತರದ ಮೇಲೆ ಹೇಳುವ ಮಾತು. ಇವನ್ನು ಅಳೆಯಬಹುದು. ಕೂರುವ ಜಾಗದ ನಕ್ಷೆಯನ್ನು ಒಂದು ಹಾಳೆಯಲ್ಲಿ ಬರೆದು, ಬಿಡುವಿರುವ ಸಹೋದ್ಯೋಗಿಯ ಕೈಗೆ ಕೊಡಿ. ನೀವು ಯಾರಿಗೆ ಪ್ರಶ್ನೆ ಕೇಳಿದಿರಿ ಎಂದು ಮೂರು ಅವಧಿ ಗುರುತು ಹಾಕಲಿ. ಸಾಮಾನ್ಯವಾಗಿ ಗುರುತುಗಳು ಮುಂದಿನ ಎರಡು ಸಾಲಿನಲ್ಲೇ ಗುಂಪಾಗಿರುತ್ತವೆ. ಹಿಂದಿನ ಗೋಡೆಗೆ ಒರಗಿ ಕೂತವರ ಬಳಿ ಹಾಳೆ ಬೆಳ್ಳಗೆ ಉಳಿಯುತ್ತದೆ. ಆ ಬಿಳಿ ಜಾಗದಲ್ಲಿ ಯಾರು ಕೂತಿದ್ದಾರೆ, ಯಾವ ಓಣಿಯವರು, ಹುಡುಗಿಯರೆಷ್ಟು ಎಂದು ಪ್ರಾಮಾಣಿಕವಾಗಿ ನೋಡಿ. ಪ್ರತಿ ಸೋಮವಾರ ಸಾಲುಗಳನ್ನು ಒಂದು ಹೆಜ್ಜೆ ಸರಿಸಿ, ಯಾರೂ ವರ್ಷಪೂರ್ತಿ ಹಿಂದೆ ಕೂರದಂತಾಗಲಿ. ಕಸ ಗುಡಿಸುವ, ನೀರು ತರುವ ಪಾಳಿಯೂ ಹಾಜರಿ ಪುಸ್ತಕದ ಕ್ರಮದಲ್ಲಿ ಎಲ್ಲರಿಗೂ ಬರಲಿ. ಒಂದೇ ಕೇರಿಯ ಮಕ್ಕಳ ಕೈಗೆ ಪೊರಕೆ ಹೋಗುವ ಕೋಣೆಯಲ್ಲಿ ಗೋಡೆಯ ಮೇಲೆ ಎಷ್ಟು ಸುಂದರ ಚಿತ್ರ ಅಂಟಿಸಿದರೂ ವಾತಾವರಣ ಚೆನ್ನಾಗಿದೆ ಅನ್ನಲಾಗದು.

ಈಗ ಪ್ರಶ್ನೆ ಕೇಳುವ ಕ್ಷಣಕ್ಕೆ ಬನ್ನಿ. ಪ್ರೀತಿ ಮತ್ತು ಬಿಗಿ ಎರಡೂ ಗೆಲ್ಲುವುದೋ ಸೋಲುವುದೋ ಹೆಚ್ಚಾಗಿ ಇಲ್ಲೇ. 48 ಹೆಸರು ಬರೆದ ಐಸ್‌ಕ್ರೀಂ ಕಡ್ಡಿಗಳನ್ನೋ ರಟ್ಟಿನ ಚೂರುಗಳನ್ನೋ ಡಬ್ಬಿಯಲ್ಲಿ ಹಾಕಿಡಿ. ಮೊದಲು ಪ್ರಶ್ನೆ, ಆಮೇಲೆ ಮೌನ, ಕೊನೆಗೆ ಹೆಸರು. ಹೆಸರು ಮೊದಲು ಕರೆದರೆ ಉಳಿದ 47 ಮಂದಿಗೆ ರಜೆ ಕೊಟ್ಟಂತೆ. ಮೌನ ಕನಿಷ್ಠ 3 ಸೆಕೆಂಡ್ ಇರಲಿ. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, 3 ಸೆಕೆಂಡ್ ಕಾದರೆ ಉತ್ತರಗಳು ಉದ್ದವಾಗುತ್ತವೆ, ಬಾಯಿ ಬಿಡದವರೂ ಮಾತಾಡುತ್ತಾರೆ ಎಂದು ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮನೆಯಲ್ಲಿ ಲಂಬಾಣಿ, ತೆಲುಗು ಅಥವಾ ಉರ್ದು ಮಾತಾಡುವ ಮಗು ಕೇಳಿದ್ದನ್ನು ಒಳಗೇ ತಿರುಗಿಸಿಕೊಂಡು ಕನ್ನಡಕ್ಕೆ ತರಬೇಕು. ಅದಕ್ಕೆ 5 ಸೆಕೆಂಡ್ ಹೆಚ್ಚಲ್ಲ. ಕಷ್ಟದ ಪ್ರಶ್ನೆಯಾದರೆ ಮೊದಲು ಪಕ್ಕದವರ ಜೊತೆ ಒಂದು ನಿಮಿಷ ಮಾತಾಡಲು ಬಿಡಿ, ಯಾವ ಭಾಷೆಯಲ್ಲಾದರೂ ಸರಿ. ಉತ್ತರ ಮಾತ್ರ ಕನ್ನಡದಲ್ಲಿ, ಪೂರ್ತಿ ವಾಕ್ಯದಲ್ಲಿ ಬರಲಿ.

ಬೋರ್ಡಿನ ಮೇಲೆ 2 ಎಕ್ಸ್ + 5 = 17 ಎಂದಿದೆ ಅಂದುಕೊಳ್ಳಿ. ಕಡ್ಡಿಯಲ್ಲಿ ಬಂದ ಹುಡುಗಿ ಎದ್ದು ತಲೆ ತಗ್ಗಿಸಿ, ‘ಗೊತ್ತಿಲ್ರಿ ಸರ್’ ಅನ್ನುತ್ತಾಳೆ. ಗದರುವ ಶಿಕ್ಷಕರು ‘ನಿಲ್ಲು ಹಂಗ’ ಅನ್ನುತ್ತಾರೆ. ಮೃದು ಶಿಕ್ಷಕರು ‘ಇರ್ಲಿ ಬಿಡವಾ, ಕುಂಡ್ರು’ ಅಂದು ಮುಂದಿನ ಬೆಂಚಿನ ಜಾಣೆಗೆ ಕೇಳುತ್ತಾರೆ. ಎರಡರಲ್ಲೂ ಆ ಹುಡುಗಿಗೆ ತಲುಪಿದ್ದು ಒಂದೇ ಸುದ್ದಿ: ಇದು ನಿನ್ನಿಂದಾಗದು. ಹೇಳಬೇಕಾದ್ದು ಹೀಗೆ: ‘ಗೊತ್ತಿಲ್ಲ ಅಂತ ಹೇಳಿದ್ದು ಚಲೋ ಆತು. ಇಬ್ಬರು ಹೇಳ್ತಾರ, ಕೇಳ್ಕೋ. ಆಮೇಲೆ ನಿನ್ನ ಹಂತ್ಯಾಕ ಬರ್ತೀನಿ.’ ಇಬ್ಬರ ಉತ್ತರ ಕೇಳಿದ ಮೇಲೆ ಅದೇ ಅವಧಿಯಲ್ಲಿ, ತಪ್ಪದೇ, ಅವಳ ಬಳಿ ಹೋಗಬೇಕು. ಅದೇ ಪ್ರಶ್ನೆ ಬೇಡ, ಬರೀ ಮಾತು ತಿರುಗಿ ಬರುತ್ತದೆ. 3 ಎಕ್ಸ್ + 4 = 19 ಕೊಡಿ. ‘ಮೊದಲು ಯಾವುದನ್ನ ತೆಗೀಬೇಕು, ಯಾಕ?’ ಎಂದು ಒಂದೇ ಹೆಜ್ಜೆ ಕೇಳಿ. ಅವಳು ‘ನಾಲ್ಕು’ ಅಂದರೆ ಕೂರಿಸಬೇಡಿ, ‘ಯಾಕ’ ಬರುವವರೆಗೆ ಕಾಯಿರಿ. ಹಿಂತಿರುಗಿ ಹೋಗುವುದನ್ನು ಒಂದು ದಿನ ಮರೆತರೂ ‘ಗೊತ್ತಿಲ್ರಿ’ ಎಂಬುದು ತಪ್ಪಿಸಿಕೊಳ್ಳುವ ಬಾಗಿಲಾಗುತ್ತದೆ. ಅದಕ್ಕೆ ಕಡ್ಡಿಯನ್ನು ಡಬ್ಬಿಗೆ ಹಾಕದೆ ಮೇಜಿನ ಮೇಲೇ ಇಟ್ಟುಕೊಳ್ಳಿ.

ಅದೇ ಮೊದಲ ಲೆಕ್ಕಕ್ಕೆ ಇನ್ನೊಬ್ಬ 2 ಎಕ್ಸ್ = 22 ಎಂದು ಬರೆಯುತ್ತಾನೆ. ಇದು ತೀರಾ ಸಾಮಾನ್ಯ ತಪ್ಪು. ‘ಆಚೆ ಹೋದರೆ ಚಿಹ್ನೆ ಬದಲಾಗುತ್ತದೆ’ ಎಂಬ ಸೂತ್ರವನ್ನು ಅರ್ಥವಿಲ್ಲದೆ ಕೊಟ್ಟಿದ್ದರಿಂದ, ಅದು ಮರೆತ ದಿನ ಮಗುವಿಗೆ ಹಿಡಿಯಲು ಏನೂ ಉಳಿದಿರುವುದಿಲ್ಲ. ‘ತಪ್ಪು’ ಅಂದು ಅಳಿಸಬೇಡಿ, ‘ಶಾಬಾಸ್, ಪ್ರಯತ್ನ ಮಾಡಿದಿ’ ಎಂದೂ ಮುಗಿಸಬೇಡಿ. ಅವನಿಗೆ ಗೊತ್ತಿರುವ ತೂಕಕ್ಕೆ ತನ್ನಿ: ಸಮ ತೂಕದ 2 ಚೀಲ ತೊಗರಿ, ಬಿಡಿಯಾಗಿ 5 ಕಿಲೋ, ಒಟ್ಟು 105 ಕಿಲೋ. ಚೀಲಕ್ಕೆಷ್ಟು? ಆ 5 ಕಿಲೋವನ್ನು ಕಾಂಟಾದಿಂದ ಇಳಿಸಬೇಕು, ಏರಿಸಬಾರದು ಎಂದು ಎಪಿಎಂಸಿಗೆ ಒಂದು ಸಲ ಹೋದ ಮಗುವೂ ಹೇಳುತ್ತದೆ. ‘ಹಂಗಾದ್ರ ನಿನ್ನ ಲೆಕ್ಕದಾಗ 5 ಏನಾಗಬೇಕು?’ ಎಂದು ಚಾಕ್‌ಪೀಸು ಅವನ ಕೈಗೇ ಕೊಡಿ. ಬಂದ ಉತ್ತರ 6ನ್ನು ಎಕ್ಸ್ ಜಾಗದಲ್ಲಿ ಇಟ್ಟು 17 ಬರುತ್ತದೋ ಅವನೇ ನೋಡಲಿ. ಸರಿ-ತಪ್ಪಿನ ತೀರ್ಪು ಶಿಕ್ಷಕರ ಮುಖದಿಂದಲ್ಲ, ಲೆಕ್ಕದಿಂದಲೇ ಬರುತ್ತದೆ ಎಂದು ಅರಿತ ಮಕ್ಕಳು ತಪ್ಪಿಗೆ ಅಷ್ಟಾಗಿ ಹೆದರುವುದಿಲ್ಲ.

ಹೊಗಳಿಕೆಯ ಬಗ್ಗೆ ಒಂದು ಮಾತು. ಸುಲಭದ ಲೆಕ್ಕಕ್ಕೆ ಜೋರು ಚಪ್ಪಾಳೆ ಹೊಡೆಸಿದರೆ ಎಂಟನೇ ತರಗತಿಯ ಮಗುವಿಗೆ ಅದು ತಿಳಿಯುತ್ತದೆ. ‘ನನ್ನಿಂದ ಇಷ್ಟೇ ಆಗೋದು ಅಂತ ಇವರಿಗೆ ಅನಿಸಿದೆ’ ಎಂದೇ ಅರ್ಥ ಮಾಡಿಕೊಳ್ಳುತ್ತದೆ. ಮಾಡಿದ್ದನ್ನು ಹೆಸರಿಸಿ ಹೇಳಿ: ‘ಉತ್ತರ ಬಂದ ಮೇಲೂ ತಾಳೆ ನೋಡಿದಿ, ಅದು ಬೇಕಾಗಿತ್ತು.’ ಇಷ್ಟು ಸಾಕು.

ಯಾರಾದರೂ ತಪ್ಪು ಉತ್ತರಕ್ಕೆ ಕಿಸಕ್ಕನೆ ನಕ್ಕರೆ ಪಾಠ ನಿಲ್ಲಿಸಿ. ‘ಇಲ್ಲಿ ತಪ್ಪಿಗೆ ನಗೋದಿಲ್ಲ’ ಎಂದು ತಗ್ಗಿದ ದನಿಯಲ್ಲಿ ಹೇಳಿ ಮುಂದುವರಿಯಿರಿ. ಉಪದೇಶ ಬೇಡ. ಆದರೆ ನಕ್ಕವನು ಜಾಣ ಹುಡುಗನಾದರೂ ಬಿಡಬಾರದು. ನಿಯಮಗಳು ಮೂರಕ್ಕಿಂತ ಹೆಚ್ಚಾದರೆ ನಿಮಗೇ ನೆನಪಿರುವುದಿಲ್ಲ.

ಕೋಲಿನ ಮಾತು ಬೇಡವೇ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ‘ನಿನ್ನ ಹಣೇಬರಹಾನೇ ಇಷ್ಟು’ ಎನ್ನುವುದೂ ಅದರೊಳಗೇ ಬರುತ್ತದೆ. ನೋಟ್‌ಬುಕ್ ತರದ, ಮನೆಗೆಲಸ ಮಾಡದ ಮಗುವಿಗೆ ಏನು ಮಾಡುವುದು? ಮೊದಲು ಕಾರಣ ಬೇರ್ಪಡಿಸಿ. ಪುಸ್ತಕವೇ ಇಲ್ಲವೇ, ಸಂಜೆ ತಮ್ಮನನ್ನು ಹಿಡಿದುಕೊಂಡು ಕೂರಬೇಕಿತ್ತೇ, ಲೆಕ್ಕ ಬರಲಿಲ್ಲವೇ, ಅಥವಾ ಮನಸ್ಸಿರಲಿಲ್ಲವೇ? ನಾಲ್ಕಕ್ಕೂ ಒಂದೇ ಶಿಕ್ಷೆ ಕೊಟ್ಟರೆ ಮೊದಲ ಮೂವರು ಮರುದಿನ ಗೈರಾಗುತ್ತಾರೆ. ನೀವು ಬರೆದ ಐದಾರು ಗೈರು ಹೆಚ್ಚಾಗಿ ಇವರೇ ಇರಬೇಕು. ಕಾರಣ ಯಾವುದೇ ಇರಲಿ, ಕೆಲಸ ಮಾತ್ರ ಮನ್ನಾ ಆಗುವುದಿಲ್ಲ. ಬಿಸಿಯೂಟ ಮುಗಿದ ಮೇಲೆ 15 ನಿಮಿಷ, ನೀವು ಕೂತಲ್ಲೇ ಬಂದು ಮುಗಿಸಬೇಕು. ಊಟ ತಡೆಯುವುದು, ಆಟದ ಅವಧಿ ಕಿತ್ತುಕೊಳ್ಳುವುದು ಕೂಡದು. ಮನೆಗೆಲಸವೂ ದಿನಕ್ಕೆ 3 ಲೆಕ್ಕ ಸಾಕು: ಎರಡು ಇಂದಿನದು, ಒಂದು ಹೋದ ವಾರದ್ದು. 15 ಕೊಟ್ಟು ಐದು ಮಂದಿ ಮಾಡಿ ಉಳಿದವರು ನಕಲು ಹೊಡೆಯುವುದಕ್ಕಿಂತ 3 ಕೊಟ್ಟು ಮೂರನ್ನೂ ಕೇಳುವುದು ಹೆಚ್ಚು ಬಿಗಿ.

40 ನಿಮಿಷದ ಅವಧಿಯನ್ನು ಹೀಗೆ ಹಂಚಬಹುದು. ಒಳಗೆ ಬರುತ್ತಿದ್ದಂತೆ ಬೋರ್ಡಿನಲ್ಲಿ ನಿನ್ನೆಯ ಒಂದು ಲೆಕ್ಕ, 5 ನಿಮಿಷ. ಅಷ್ಟರಲ್ಲಿ ಹಾಜರಿ ಮುಗಿಯುತ್ತದೆ. ಹೊಸ ವಿಷಯ 12 ನಿಮಿಷ, ಜೋಡಿಯಲ್ಲಿ ಅಭ್ಯಾಸ 8, ಒಬ್ಬೊಬ್ಬರೇ 8. ಕೊನೆಯ 5 ನಿಮಿಷ ಚೀಟಿ: ಒಂದೇ ಲೆಕ್ಕ, ಹೆಸರು ಬರೆದು ಬಾಗಿಲಲ್ಲಿ ಕೊಟ್ಟು ಹೋಗುವುದು. ಉಳಿಯುವ ಒಂದೆರಡು ನಿಮಿಷ ಹೇಗೂ ಸೋರಿಹೋಗುತ್ತದೆ. 48 ಚೀಟಿಗೆ ಅಂಕ ಹಾಕಬೇಡಿ, ಮೂರು ಗುಂಪು ಮಾಡಿ: ಬಂದಿದೆ, ಒಂದು ಹೆಜ್ಜೆ ತಪ್ಪಿದೆ, ಶುರುವೇ ಆಗಿಲ್ಲ. ಹತ್ತು ನಿಮಿಷದ ಕೆಲಸ. ಮೂರನೇ ಗುಂಪಿನಲ್ಲಿ ಐದಾರು ಚೀಟಿ ಇದ್ದರೆ ಮರುದಿನ ಜೋಡಿ ಅಭ್ಯಾಸದ ಹೊತ್ತಿಗೆ ಅವರ ಪಕ್ಕ ಹೋಗಿ ಕೂರಿ, ಇಪ್ಪತ್ತು ಇದ್ದರೆ ಪಾಠವೇ ಸರಿಯಾಗಿಲ್ಲ ಎಂದರ್ಥ, ಬೇರೆ ದಾರಿಯಲ್ಲಿ ಇನ್ನೊಮ್ಮೆ ಮಾಡಿ. ಚೀಟಿ ನಕಲು ಮಾಡುತ್ತಾರೆ ಎಂಬ ಭಯವಿದ್ದರೆ ಎಡ ಸಾಲಿಗೆ ಒಂದು ಸಂಖ್ಯೆ, ಬಲ ಸಾಲಿಗೆ ಇನ್ನೊಂದು ಸಂಖ್ಯೆ ಕೊಡಿ. ಚೀಟಿಗೆ ಅಂಕವಿಲ್ಲ ಎಂದು ಖಾತ್ರಿಯಾದರೆ ನಕಲು ತಾನೇ ಕಡಿಮೆಯಾಗುತ್ತದೆ.

ನೋಟ್‌ಬುಕ್ ತಿದ್ದುವುದರಲ್ಲಿ ಬಹಳ ಶಿಕ್ಷಕರು ಸೋಲುವುದು ಸಮಯದ ಲೆಕ್ಕದಲ್ಲಿ. 48 ಪುಸ್ತಕ, ತಲಾ 3 ನಿಮಿಷ ಎಂದರೆ 144 ನಿಮಿಷ. ಸಾಗುವುದಿಲ್ಲ, ಕೊನೆಗೆ ಪುಟಕ್ಕೊಂದು ‘ಸರಿ’ ಗುರುತು, ಕೆಳಗೆ ಸಹಿ. ಬದಲಿಗೆ ದಿನಕ್ಕೆ 12 ಪುಸ್ತಕ ತೆಗೆದುಕೊಂಡರೆ ನಾಲ್ಕು ದಿನಕ್ಕೆ ಒಂದು ಸುತ್ತು. ಪ್ರತಿ ಪುಸ್ತಕದಲ್ಲಿ ಒಂದೇ ಲೆಕ್ಕ ಪೂರ್ತಿ ನೋಡಿ, ತಪ್ಪಿದ ಹೆಜ್ಜೆಯ ಕೆಳಗೆ ಗೆರೆ ಎಳೆದು ಒಂದು ಪ್ರಶ್ನೆ ಬರೆಯಿರಿ: ‘ಇಲ್ಲಿ 5 ಎಲ್ಲಿಗೆ ಹೋಯಿತು?’ ಅಂಕ ಬೇಡ. ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರೀ ಟಿಪ್ಪಣಿ ಪಡೆದ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರು, ಟಿಪ್ಪಣಿಯ ಜೊತೆ ಅಂಕವನ್ನೂ ಪಡೆದವರಿಗೆ ಆ ಲಾಭ ಸಿಗಲಿಲ್ಲ. ಅಂಕ ಕಂಡ ಕೂಡಲೇ ಕಣ್ಣು ಪಕ್ಕದವನ ಪುಸ್ತಕಕ್ಕೆ ಹೋಗುತ್ತದೆ. ರೂಪಣಾತ್ಮಕ (ಕಲಿಕೆಯ ನಡುವಿನ), ಸಂಕಲನಾತ್ಮಕ (ಅವಧಿಯ ಕೊನೆಯ) ಮೌಲ್ಯಮಾಪನಗಳಿಗೆ ಅಂಕ ಕೊಡಲೇಬೇಕು, ಕೊಡಿ. ದಿನದ ಪುಸ್ತಕಕ್ಕೆ ಅದನ್ನು ತರಬೇಡಿ. ಪುಸ್ತಕ ಹಿಂತಿರುಗಿಸಿದ ದಿನವೇ 5 ನಿಮಿಷ ತೆಗೆದಿಟ್ಟು ಆ ಪ್ರಶ್ನೆಗೆ ಉತ್ತರ ಬರೆಸಿ, ಇಲ್ಲದಿದ್ದರೆ ನೀವು ಬರೆದದ್ದನ್ನು ಯಾರೂ ಓದುವುದಿಲ್ಲ.

ಓದಲು ಬಾರದ ಹದಿನೈದು ಮಕ್ಕಳ ವಿಷಯವನ್ನು ಗಣಿತದ ಅವಧಿಯೊಳಗೆ ಪರಿಹರಿಸಲಾಗದು, ಪ್ರಯತ್ನಿಸಿದರೆ ಎರಡೂ ಕೆಡುತ್ತವೆ. ಕನ್ನಡ ಶಿಕ್ಷಕರೊಂದಿಗೆ ಸೇರಿ ಪ್ರಾರ್ಥನೆಗೆ ಮುಂಚಿನ 20 ನಿಮಿಷವನ್ನು ಓದಿಗೆ ಮೀಸಲಿಡಿ. ಎರಡು-ಮೂರನೇ ತರಗತಿ ಮಟ್ಟದ ಚಿಕ್ಕ ಕತೆಗಳಿಂದ ಶುರುವಾಗಲಿ. ಅಲ್ಲಿ ಮಟ್ಟದ ಪ್ರಕಾರ ಗುಂಪು ಮಾಡಬಹುದು, ಪ್ರತಿ ತಿಂಗಳು ಗುಂಪು ಬದಲಾಗಬೇಕು. ಗಣಿತದ ಅವಧಿಗೆ ಅದೇ ಗುಂಪು ತಂದು ‘ನಿಧಾನ ಕಲಿಕೆಯವರು’ ಎಂದು ಒಂದೇ ಬೆಂಚಿಗೆ ಕೂರಿಸಿದರೆ ಆ ಬೆಂಚಿನಿಂದ ಯಾರೂ ಏಳುವುದಿಲ್ಲ. ಪದರೂಪದ ಲೆಕ್ಕವನ್ನು ನೀವು ಗಟ್ಟಿಯಾಗಿ ಎರಡು ಸಲ ಓದಿ, ಚಿತ್ರ ಬರೆಸಿ, ಆಮೇಲೆ ಸಮೀಕರಣಕ್ಕೆ ಇಳಿಸಿ. ಓದು ಬಾರದ ಮಗು ಲೆಕ್ಕದಲ್ಲಿ ಹಿಂದೆ ಬೀಳಬೇಕೆಂದೇನೂ ಇಲ್ಲ. ಸಂತೆಯಲ್ಲಿ ಚಿಲ್ಲರೆ ಎಣಿಸುವ ಹುಡುಗರು ಬಾಯಿಲೆಕ್ಕದಲ್ಲಿ ಬಹಳ ಚುರುಕು.

ಇನ್ನು ಹತ್ತಿಯ ಕಾಲ. ಅಕ್ಟೋಬರ್‌ನಿಂದ ಹತ್ತಿ, ಡಿಸೆಂಬರ್-ಜನವರಿಗೆ ತೊಗರಿ ರಾಶಿ. ಕೆಲವು ಮನೆಯವರು ಬೆಂಗಳೂರು, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೋಗಿರುತ್ತಾರೆ. ಇದನ್ನು ನೀವೊಬ್ಬರೇ ತಡೆಯಲಾರಿರಿ, ಹಿಂತಿರುಗುವ ದಾರಿಯನ್ನು ಮಾತ್ರ ಸುಲಭ ಮಾಡಬಹುದು. ದಸರಾ ರಜೆಗೆ ಮುಂಚೆಯೇ, ಎರಡನೇ ಅರ್ಧ ವರ್ಷಕ್ಕೆ ಇದಿಲ್ಲದೆ ಆಗದು ಎನ್ನುವ 10 ಲೆಕ್ಕಗಳನ್ನು ಆರಿಸಿ, ಪ್ರತಿಯೊಂದರ ಬಿಡಿಸಿದ ಮಾದರಿಯೊಂದಿಗೆ ಎರಡು ಪುಟದ ಹಾಳೆ ಮಾಡಿಡಿ. ಪ್ರತಿ ಮಗುವಿಗೂ ಒಬ್ಬ ಜೊತೆಗಾರ ಇರಲಿ, ಗೈರಾದವರ ಪುಸ್ತಕದಲ್ಲಿ ದಿನಾಂಕ ಮತ್ತು ಪಾಠದ ಹೆಸರನ್ನಷ್ಟೇ ಆತ ಬರೆದಿಡಲಿ. ಅದಕ್ಕಿಂತ ಹೆಚ್ಚಿನ ಹೊರೆ ಬೇಡ, ಜಾಣ ಮಕ್ಕಳನ್ನು ಉಚಿತ ಶಿಕ್ಷಕರನ್ನಾಗಿ ಮಾಡಿದರೆ ಅವರ ಕಲಿಕೆ ನಿಲ್ಲುತ್ತದೆ.

ಮಗು ಆರು ವಾರದ ಮೇಲೆ ಬಾಗಿಲಲ್ಲಿ ನಿಂತಾಗ ‘ಬಂದ್ರ್ಯಾ ಸಾಹೇಬ್ರು, ಎಲ್ಲಿಗಿ ಹೋಗಿದ್ರಿ?’ ಎಂಬ ಚುಚ್ಚು ಮಾತು ಬಂದರೆ ಆ ಮಗು ಎರಡನೇ ಸಲ ಹೋದಾಗ ಬರುವುದೇ ಇಲ್ಲ. ಹೆಸರು ಹಿಡಿದು ಕರೆಯಿರಿ, ಜಾಗ ತೋರಿಸಿ, ಪಾಠ ಮುಂದುವರಿಸಿ. ಕಾರಣವನ್ನು ಅವಧಿ ಮುಗಿದ ಮೇಲೆ ಒಬ್ಬರೇ ಇದ್ದಾಗ ಕೇಳಿ. ಅದೇ ದಿನ 10 ಲೆಕ್ಕದ ಹಾಳೆ ಕೊಟ್ಟು, ಎರಡು ವಾರ ದಿನಕ್ಕೊಂದರಂತೆ, ಬಿಸಿಯೂಟದ ನಂತರದ ಆ 15 ನಿಮಿಷದಲ್ಲಿ ಮುಗಿಸಬೇಕು ಎಂದು ಹೇಳಿ. ತರಗತಿಯ ಇಂದಿನ ಪಾಠದಿಂದ ವಿನಾಯಿತಿ ಇಲ್ಲ, ಚೀಟಿಯನ್ನೂ ಬರೆಯಲಿ. ಮೊದಲ ವಾರ ಮೂರನೇ ಗುಂಪಿನಲ್ಲಿರುತ್ತಾರೆ, ಅದು ಸಹಜ.

ಪೋಷಕರಿಗೆ ಮೊದಲ ಕರೆ ದೂರಿನದಾಗಿರಬಾರದು. ಜೂನ್-ಜುಲೈಯಲ್ಲೇ ದಿನಕ್ಕೆ ಇಬ್ಬರಂತೆ ಕರೆ ಮಾಡಿ, ಮಗು ಮಾಡಿದ ಒಂದು ನಿರ್ದಿಷ್ಟ ಕೆಲಸ ಹೇಳಿದರೆ ತಿಂಗಳೊಳಗೆ 48 ಮನೆ ಮುಗಿಯುತ್ತದೆ. ಅಕ್ಷರ ಬಾರದ ತಾಯಂದಿರಿಗೆ ಚೀಟಿ ಕಳಿಸುವುದಕ್ಕಿಂತ ವಾಟ್ಸ್‌ಆ್ಯಪ್ ಧ್ವನಿ ಸಂದೇಶ ಒಳ್ಳೆಯದು. ಪುಣೆಯಲ್ಲಿರುವ ತಂದೆಗೂ ಅದು ತಲುಪುತ್ತದೆ. ಅಕ್ಟೋಬರ್‌ನಲ್ಲಿ ‘ವಾರಕ್ಕೆ ಮೂರು ದಿನಾನಾದ್ರೂ ಕಳಿಸ್ರಿ’ ಎಂದು ಕೇಳಬೇಕಾದಾಗ ಈ ಕರೆ ಕೆಲಸಕ್ಕೆ ಬರುತ್ತದೆ. ಮೂರು ದಿನ ಸಾಕೆಂದಲ್ಲ, ನಂಟು ಕಡಿಯಬಾರದೆಂದು.

ಫೆಬ್ರುವರಿ ಕಳೆದ ಮೇಲೆ ನಮ್ಮ ಬಿಸಿಲಿನಲ್ಲಿ ಮಧ್ಯಾಹ್ನದ ಕೊನೆಯ ಅವಧಿಗೆ ಹೊಸ ಪಾಠ ಇಟ್ಟುಕೊಳ್ಳಬೇಡಿ. ವೇಳಾಪಟ್ಟಿ ಬದಲಿಸಲು ಮುಖ್ಯ ಶಿಕ್ಷಕರನ್ನು ಕೇಳಿ, ಆಗದಿದ್ದರೆ ಆ ಅವಧಿಯನ್ನು ಜೋಡಿ ಅಭ್ಯಾಸಕ್ಕೆ ಬಿಡಿ.

ಇಷ್ಟನ್ನೂ ಒಟ್ಟಿಗೆ ಶುರು ಮಾಡಿದರೆ ಎರಡನೇ ವಾರಕ್ಕೆ ಎಲ್ಲವೂ ನಿಂತುಹೋಗುತ್ತದೆ. ಈ ವಾರ ಚೀಟಿಯೊಂದೇ ಮಾಡಿ. ಅದು ಎರಡು ವಾರ ನಡೆದ ಮೇಲೆ ಕಡ್ಡಿಯ ಡಬ್ಬಿ, ಆಮೇಲೆ 12 ಪುಸ್ತಕದ ಸುತ್ತು. ಚೀಟಿಗೆ ಹೊಸ ಹಾಳೆ ಕೊಳ್ಳಬೇಕಿಲ್ಲ. ಹೋದ ವರ್ಷದ ನೋಟ್‌ಬುಕ್ಕುಗಳಲ್ಲಿ ಉಳಿದ ಖಾಲಿ ಪುಟಗಳನ್ನು ಮಕ್ಕಳಿಂದಲೇ ತರಿಸಿ. ಒಂದು ಪುಟಕ್ಕೆ ನಾಲ್ಕು ಚೀಟಿ, ಅಂದರೆ ದಿನಕ್ಕೆ 12 ಪುಟ.